ಹಳೇ ಇಂಟರ್‌ಪ್ರಿಟರ್ ಯಾಕೆ ಬೇಕು?

ಯಾರೋ ಸಿದ್ಧ ಮಾಡಿಟ್ಟ ಸಾಫ್ಟ್‌ವೇರ್ ಇಳಿಸಿಕೊಳ್ಳುವುದು ಸೋಮಾರಿಗಳ ಕೆಲಸ! ನಾನು ಬರೆಯುವ ಪ್ರೋಗ್ರಾಮುಗಳನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಇಂಟರ್‌ಪ್ರಿಟರನ್ನು ಮೂಲ ಕೋಡಿನಿಂದ ಸ್ವಹಸ್ತದಿಂದಲೇ ಕಂಪೈಲ್ ಮಾಡಿ ಪ್ರತಿಷ್ಠಾಪಿಸುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ.

ನನ್ನ ಹೆಂಡತಿ ಮನೆಗಳ ನಕ್ಷೆ ಬರೆಯುವವಳು. "ರೀ, ನನ್ನ ನಕ್ಷೇನೂ ಅದೇ ಕಂಪ್ಯೂಟರಲ್ಲಿದೆ. ಸಂಜೆ ಡಾಕ್ಟರಮ್ಮ ಅವರ ಮನೆ ಪ್ಲ್ಯಾನ್ ನೋಡೋಕೆ ಬರ್ತಾರೆ. ಹುಷಾರು!"

"ಅದರ ಒಂದು ಕೂದಲೂ ಕೊಂಕಲ್ಲ ಕಣೇ!"

ಶುರುವಾಯಿತು. ಯಾವುದೋ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಕೋಡಿನ ಕಟ್ಟು, ಇಲ್ಲವೆಂದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುನಿಸಿಕೊಂಡಿತು; ತಂದುಕೊಟ್ಟೆ. ಆ ಲೈಬ್ರರಿಗೆ ಇನ್ನೊಂದು ಬೇಕಂತೆ, ಅದನ್ನೂ ತಂದೆ. ಬೀಗರ ಉಪಚಾರಕ್ಕೂ ನಾನು ಇಷ್ಟು ಓಡಾಡಿದವನಲ್ಲ! ಕಂಪ್ಯೂಟರ್ ಕಾದು ಬಾಣಲೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಇಂಟರ್‌ಪ್ರಿಟರ್ ಎದ್ದು ನಿಂತು, ಕೊಟ್ಟ ಲೆಕ್ಕಕ್ಕೆ ಸರಿಯುತ್ತರ ಹೇಳಿತು. ಇಲ್ಲದ ಮೀಸೆ ತಿರುವಿಕೊಂಡೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೊಸದು ಬಂದ ಮೇಲೆ ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದ ಹಳೇ ಇಂಟರ್‌ಪ್ರಿಟರ್ ಯಾಕೆ? ಅಳಿಸಲು ಹೊರಟೆ. ಇದರ ಜೊತೆ ಇವೂ ಹೋಗುತ್ತವೆ ಎಂದು ಕಂಪ್ಯೂಟರ್ ಏನೇನೋ ಹೆಸರು ಹೇಳಿತು. ಅದನ್ನೆಲ್ಲ ಓದುತ್ತಾ ಕೂರುವುದು ಅಂಜುಬುರುಕರ ಲಕ್ಷಣ! "ಹೂಂ, ಹೋಗಲಿ" ಎಂದೆ. ಐಕಾನುಗಳು ಹೋದವು. ಮೆನು ಹೋಯಿತು. ಆಫ್ ಮಾಡಿ ಆನ್ ಮಾಡಿದರೆ ಬರೀ ಕಪ್ಪು ಪರದೆ! ಡಾಕ್ಟರಮ್ಮನ ಮನೆ ನೆನಪಾಗಿ ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ.

"ಯಾಕ್ರೀ ಹೀಗೆ ಬೆವರ್ತಿದ್ದೀರಾ?"

"ಹಳೇ ಇಂಟರ್‌ಪ್ರಿಟರ್ ತೆಗೆದುಬಿಟ್ಟೆ ಕಣೇ... ಇಡೀ ಸಿಸ್ಟಮ್ ಅದರ ಮೇಲೇ ನಿಂತಿತ್ತು ಅಂತ ಕಾಣುತ್ತೆ."

"ಮಹಡಿ ಯಾವ ಗೋಡೆ ಮೇಲೆ ನಿಂತಿದೆ ಅಂತ ನೋಡದೆ ಯಾರಾದ್ರೂ ಗೋಡೆ ಒಡೀತಾರೇನ್ರೀ?"

ಅವಳು ಬೀರುವಿನಿಂದ ಒಂದು ಪೆನ್‌ಡ್ರೈವ್ ತಂದು ಸಿಕ್ಕಿಸಿ ಆನ್ ಮಾಡಿದಳು. ಕಂಪ್ಯೂಟರ್ ಆ ಪೆನ್‌ಡ್ರೈವಿನಲ್ಲಿದ್ದ ಬೇರೊಂದು ಸಿಸ್ಟಮಿನ ಬಲದಿಂದಲೇ ಎದ್ದು ಕೂತಿತು! ಕಂಪ್ಯೂಟರಿನೊಳಗೇ ಇದ್ದ ತನ್ನ ನಕ್ಷೆಗಳ ಫೋಲ್ಡರ್ ತೆರೆದಳು. ಡಾಕ್ಟರಮ್ಮನ ಅಡುಗೆಮನೆ, ಮೆಟ್ಟಿಲು, ಕಿಟಕಿ, ಎಲ್ಲವೂ ಇದ್ದಲ್ಲೇ ಇದ್ದವು. ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಇಂಥ ಸಂಜೀವಿನಿ ನಿಂಗೆಲ್ಲಿ ಸಿಕ್ತೇ?"

"ನಿಮ್ಮ ತಂಗಿ ಕೊಟ್ಟಿದ್ದು, ನಮ್ಮ ಮದುವೆ ದಿನ. 'ಅತ್ತಿಗೆ, ನಮ್ಮಣ್ಣನ್ನ ನಿಮಗೆ ಒಪ್ಪಿಸ್ತಿದ್ದೀವಿ, ಜೊತೆಗೆ ಇದೂ ಇರ್ಲಿ' ಅಂದ್ಲು!"