ಕೊಸರಿಗೆ ಬಂದ ಹಾರ

ಕೊಸರು ಕೇಳದೆ ಏನನ್ನೂ ಕೊಳ್ಳಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದವನು. ವೀಳ್ಯದೆಲೆ ಕೊಂಡರೆ ಮೇಲೆರಡು ಎಲೆ, ತರಕಾರಿ ಕೊಂಡರೆ ಒಂದು ಹಿಡಿ ಕೊತ್ತಂಬರಿ. ಕೇಳಲು ನಾಚಿದವನು ಮುಂದೆ ಬರಲಾರ. ತಲೆಯ ಮೇಲೆ ಕೊಬ್ಬರಿ ಚೀಲ ಹೊತ್ತು ಶುರುಮಾಡಿದ ನಾನು ತಿಪಟೂರಿನಲ್ಲಿ ಸ್ವಂತ ಮಂಡಿ ಇಟ್ಟಿದ್ದೇ ಈ ವಿದ್ಯೆಯಿಂದ. ಆದರೆ ಕೊಸರಿಗೆ ಬಂದದ್ದು ಏನೆಂದು ತಿಳಿದು ಮನೆಗೆ ತರಬೇಕು ಎಂಬುದು ಮಾತ್ರ ತಡವಾಗಿ ಹೊಳೆಯಿತು. ಪೂರ್ತಿ ಹೊಳೆದಿದೆ ಎಂದು ಈಗಲೂ ಹೇಳಲಾರೆ.

ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ನೊಣವಿನಕೆರೆಯ ಒಳ್ಳೆಯ ಮನೆತನದವರು ಹೆಣ್ಣು ನೋಡಲು ಬರುವವರಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೊಸ ಮನೆಯ ಮುಖ ನನ್ನ ಯೋಗ್ಯತೆ ಹೇಳಿಬಿಡಬೇಕು, ಅದರ ಮುಂದೆಯೇ ಚಪ್ಪರ ಹಾಕಿ ಧಾರೆ ಎರೆಯಬೇಕು ಎಂಬುದು ನನ್ನ ಆಸೆ. ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಆ ಮನೆಯ ನಕ್ಷೆ ಬರೆಸಿದಾಗಲೂ ಕೊಸರು ಕೇಳಿದ್ದೆ. ನಕ್ಷೆಯವರು ಪೆಟ್ಟಿಗೆ ತಡಕಿ ಒಂದು ಹಳದಿಗಟ್ಟಿದ ಹಾಳೆ ಕೊಟ್ಟರು. ಯಾವುದೋ ಇಂಗ್ಲಿಷರ ಬಂಗಲೆಯ ಅಲಂಕಾರದ ಚಿತ್ರ: ಉದ್ದುದ್ದ ಗೀರಿನ ಕಂಬ, ಎರಡು ಕಿವಿಯ ಹೂಜಿ, ನೆತ್ತಿಯಲ್ಲಿ ರಿಬ್ಬನ್ ಕಟ್ಟಿದ ಎಲೆಗಳ ದುಂಡು ಹಾರ. "ಇದು ಗೆದ್ದವರ ಗುರುತು, ಗ್ರೀಕರ ಕಾಲದ್ದು. ನೋಡಿದವರಿಗೆ ದೊಡ್ಡವರ ಮನೆ ಅಂತ ತಾನೇ ಗೊತ್ತಾಗುತ್ತೆ" ಎಂದರು.

ಗಾರೆ ಮೇಸ್ತ್ರಿ ಖಾದರ್ ಸಾಬರು ಹಾಳೆಯನ್ನು ತಿರುಗಿಸಿ ತಿರುಗಿಸಿ, "ಇದ್ರಲ್ಲಿ ಮೇಲ್ಯಾವ್ದು, ಕೆಳಗ್ಯಾವ್ದು ಗೌಡ್ರೇ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಹೂಜಿಯನ್ನು ನೋಡಿ, "ಕಾಯಿಲ್ದಿರೋ ಕಳಶ ಎಲ್ಲಾದ್ರೂ ಉಂಟೇನ್ರೀ? ಅದೂ ತಿಪಟೂರಲ್ಲಿ!" ಎಂದಳು. ಸರಿ, ಗ್ರೀಕರ ಹೂಜಿಯ ಮೇಲೆ ಜುಟ್ಟು ಸಮೇತ ಸಿಮೆಂಟಿನ ತೆಂಗಿನಕಾಯಿ ಕೂತಿತು. ಮನೆಯ ನೆತ್ತಿಗೆ ಬಂದ ಹಾರದ ನಡುವೆ ಏನು? "ಖಾಲಿ ಬುಟ್ರೆ ಚೆಂದಾಗಿರಾಕಿಲ್ಲ, ನಿಮ್ಮ ಹೆಸ್ರು ಬರೆದುಬುಡ್ತೀನಿ" ಎಂದರು ಸಾಬರು. 'ಶ್ರೀ ನಂಜೇಗೌಡರು' ಎಂದು ಬಂತು, ಕೆಳಗೆ ಇಸವಿ.

ಮಾತುಕತೆ ನಡೆಸಿದ್ದ ನೆಂಟ ಜ್ವರ ಬಂದು ಮಲಗಿದ್ದರಿಂದ ಗಂಡಿನ ಕಡೆಯವರು ತಾವೇ ಮನೆ ಹುಡುಕಿಕೊಂಡು ಬಂದರು. ನನ್ನ ಮುಖ ಅವರು ಕಂಡಿರಲಿಲ್ಲ. ಗಂಡಿನ ತಂದೆ ಬೀದಿಯಲ್ಲೇ ನಿಂತು ಮನೆಯ ನೆತ್ತಿ ನೋಡಿದರು. ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಂಡರು. ಹಾಳೆ ಕೆಲಸ ಮಾಡಿತು, ಮರ್ಯಾದೆ ಬಂತು ಎಂದುಕೊಂಡೆ.

"ಯಾವಾಗ ಆಯ್ತು ಸ್ವಾಮಿ?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಹೋದ ವಾರ ಮುಗೀತು."

"ಭಾಳ ಕಷ್ಟ ಆಯ್ತಾ?"

"ವರ್ಷಗಟ್ಲೆ! ಸಾಕುಸಾಕಾಗೋಗಿತ್ತು. ಮುಗಿದಿದ್ದೇ ಬೀದಿಗೆಲ್ಲ ಹೋಳಿಗೆ ಊಟ ಹಾಕ್ಸಿದೆ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನೀವು ಅವ್ರಿಗೆ ಏನಾಗ್ಬೇಕು?"

"ಯಾರಿಗೆ?"

"ನಂಜೇಗೌಡ್ರಿಗೆ."

"ನಾನೇ ಕಣ್ರೀ ನಂಜೇಗೌಡ!"

ಅವರು ನನ್ನನ್ನು ನೋಡಿದರು, ನೆತ್ತಿಯನ್ನು ನೋಡಿದರು, ಜಗಲಿಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾರದೊಳ್ಗೆ ಹೆಸ್ರು, ಕೆಳಗೆ ಇಸ್ವಿ, ಸತ್ತೋರ್ಗೆ ಹಾಕ್ದಂಗೆ! ಹೆಣ್ ನೋಡದ್ ಬುಟ್ಟು ತಲೆಗೆ ನೀರ್ ಹುಯ್ಕಳಕ್ಕೆ ಹೊಂಟಿದ್ದೆ ಕಣಪ್ಪ!"

ಹುಡುಗಿ ಒಪ್ಪಿಗೆಯಾದಳು. ಮದುವೆ ನಮ್ಮ ಮನೆ ಮುಂದೆಯೇ ಆಗಬೇಕೆಂದು ನಾನು ಪಟ್ಟು ಹಿಡಿದೆ. ಬೀಗರು ಮೇಲಕ್ಕೆ ಬೆರಳು ತೋರಿಸಿ, "ಹೋದೋರು ಮಾತಾಡಂಗಿಲ್ಲ, ಸುಮ್ಕಿರಿ ಬೀಗ್ರೇ. ಮದ್ವೆ ನಮ್ಮೂರಲ್ಲೇ" ಎಂದುಬಿಟ್ಟರು. ಮಂಡಿಯಲ್ಲಿ ಯಾರಿಗೂ ಸೋಲದ ನಾನು ಒಪ್ಪಿಕೊಂಡು ತಾಂಬೂಲ ಬದಲಿಸಿದೆ. ಧಾರೆ ನೊಣವಿನಕೆರೆಯಲ್ಲೇ ಆಯಿತು.

ಒಂದೇ ಹಾರ ಗ್ರೀಕರಲ್ಲಿ ಗೆದ್ದವನಿಗೂ ನಮ್ಮಲ್ಲಿ ಹೋದವನಿಗೂ ಹೇಗೆ ಸಲ್ಲುತ್ತದೋ ನನಗಂತೂ ತಿಳಿಯದು. ಒಡೆಸಿಹಾಕಿ ಎಂದು ಹೆಂಡತಿ ದಿನಾ ಹೇಳುತ್ತಾಳೆ. ಒಡೆಸುವುದು ದಡ್ಡತನ. ಒಂದಲ್ಲ ಒಂದು ದಿನ ಬೇಕಾಗುವ ವಸ್ತು. ಆಗ ಇಸವಿಯೊಂದನ್ನು ತಿದ್ದಿದರೆ ಸಾಕು. ಅದನ್ನು ಕೊಸರಿಗೆ ತಿದ್ದಿಕೊಡುವುದಾಗಿ ಖಾದರ್ ಸಾಬರಿಂದ ಈಗಲೇ ಮಾತು ತೆಗೆದುಕೊಂಡಿದ್ದೇನೆ.