ಗಂಟೆ ಯಾರದ್ದು, ಸೌಟು ಯಾರದ್ದು

ಕೂನೊನ ಸೈಕಲ್ಲಿನ ಗಂಟೆ ಬಿದ್ದುಹೋದದ್ದು ಯಾತ್ರೆಯ ಕೊನೆಯ ದಿನ, ಬೆಳಗಿನ ತಿಂಡಿಗೂ ಮೊದಲು. ಹೋಟೆಲಿನ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಬೆನ್ನನ್ನು ಪ್ರೀತಿಯಿಂದ ಒಮ್ಮೆ ತಟ್ಟಿದ, ಅಷ್ಟೇ. ಗಂಟೆ ಟಣ್ಣೆಂದು ಕಳಚಿ, ಉರುಳುರುಳಿ, ಮೋರಿಯ ಜಾಲರಿಯೊಳಗೆ ನುಗ್ಗಿ, ನೀರಿನ ಜೊತೆ ಕಣಿವೆಗೆ ಹೊರಟೇಹೋಯಿತು. ಕೂನೊಗಿಂತ ಮೊದಲು ಊರು ಮುಟ್ಟುವ ಚಟ ಅವನ ಗಂಟೆಗೂ ಅಂಟಿತ್ತು.

"ಗಂಟೆಯಿಲ್ಲದ ಸೈಕಲ್ ರಸ್ತೆಗಿಳೀಬಾರದು. ನಿಯಮ," ಎಂದರು ಸವಾರರ ಸಂಘದ ಅಧ್ಯಕ್ಷ ಹೆಡಿಗರ್. ನಿವೃತ್ತ ತೆರಿಗೆ ಅಧಿಕಾರಿ; ಬ್ರೆಡ್ಡಿಗೆ ಬೆಣ್ಣೆಯನ್ನೂ ಸರ್ಕಾರದ ಮೊಹರು ಒತ್ತಿದಂತೆ ಒತ್ತುತ್ತಿದ್ದರು. "ನೀವು ಸಾಮಾನಿನ ವ್ಯಾನ್ ಹತ್ತಿ, ಕೂನೊ."

"ಹತ್ಕೊಳೋ ಮಾರಾಯ," ಎಂದ ಫ್ರಿಡೊಲಿನ್, ಬಾಯ್ತುಂಬ ಚೀಸ್ ಇಟ್ಟುಕೊಂಡು. ಅಂಚೆ ಕಚೇರಿಯಲ್ಲಿ ಕೂನೊನ ಪಕ್ಕದ ಕಿಟಕಿಯಲ್ಲಿ ಕೂರುವವನು ಅವನು. "ಹೆಂಗೂ ಸೌಟು ನಿಂದೇ. ತುಳಿದು ಸೋಲೋ ಬದಲು ಕೂತು ಸೋಲು. ತೊಡೆನಾದ್ರೂ ಉಳೀತಾವೆ."

ಸೌಟು! ಬೆಟ್ಟಗಳನ್ನೂ ಹಳೆಯ ಕೋಟೆಯೂರುಗಳನ್ನೂ ದಾಟುತ್ತ ಹತ್ತು ದಿನ ತುಳಿಯುವ ಈ ಸಂಘದ ಯಾತ್ರೆಯಲ್ಲಿ, ಕೊನೆಯ ದಿನ ಕೊನೆಗೆ ಬಂದವನಿಗೆ ಒಂದು ಮರದ ಸೌಟು ಕೊಡುತ್ತಾರೆ. ವ್ಯಾನ್ ಹತ್ತಿದವನಿಗಂತೂ ಕೇಳುವುದೇ ಬೇಡ. ಅದನ್ನು ಅವನು ವರ್ಷವಿಡೀ ಊಟದ ಮೇಜಿನ ಮೇಲಿನ ಗೋಡೆಗೆ ನೇತುಹಾಕಬೇಕು. ಮರುವರ್ಷ ಬೆನ್ನಿಗೆ ಕಟ್ಟಿಕೊಂಡು ಯಾತ್ರೆಗೆ ಬರಬೇಕು. ನೇತುಹಾಕಿದ್ದಾನೋ ಇಲ್ಲವೋ ಎಂದು ನೋಡಲು ಕಾಫಿಯ ನೆಪದಲ್ಲಿ ಪದಾಧಿಕಾರಿಗಳು ಬರುತ್ತಾರೆ, ಇಡೀ ಕೇಕು ಮುಗಿಸಿ ಹೋಗುತ್ತಾರೆ. ಹೊಟ್ಟೆ ತುಂಬಿದವರು ಕಂಡುಹಿಡಿದ ಆಟ! ಮೂರು ವರ್ಷದಿಂದ ಆ ಸೌಟು ಕೂನೊನ ಮೊಳೆ ಬಿಟ್ಟು ಬೇರೆ ಮೊಳೆ ಕಂಡಿರಲಿಲ್ಲ.

ಹೊರಡುವ ದಿನ ಹೆಂಡತಿ ಟ್ರೂಡಿ ಖಡಾಖಂಡಿತವಾಗಿ ಹೇಳಿದ್ದಳು: "ನೋಡು, ಕೊನೇ ದಿನ ನಾನೇ ರೈಲಲ್ಲಿ ಟೋರ್‌ಬರ್ಗ್‌ಗೆ ಬಂದು ನಿಂತಿರ್ತೀನಿ. ಮತ್ತೆ ನನ್ನ ಗೋಡೆಗೆ ಸೌಟು ಬಂತೋ, ಸೈಕಲ್ಲು ನಮ್ಮಣ್ಣನ ಪಾಲು. ನೀನು ಭಾನುವಾರ ಭಾನುವಾರ ನಮ್ಮ ಯೋಡೆಲ್ ಮೇಳಕ್ಕೆ ಬಂದು ಹಾಡ್ಬೇಕು. ಗಂಡು ದನಿ ಕಮ್ಮಿ ಇದೆ ನಮ್ಮಲ್ಲಿ."

ಬೆಟ್ಟದಿಂದ ಬೆಟ್ಟಕ್ಕೆ ಗಂಟಲು ಮುರಿದು ಕೂಗುವ ಆ ಹಾಡು ಕೇಳಿದರೇ ಕೂನೊಗೆ ಹಲ್ಲು ಜುಮ್ಮೆನ್ನುತ್ತಿತ್ತು. ಇನ್ನು ಕಸೂತಿ ಅಂಗಿ ತೊಟ್ಟು, ಹೆಂಗಸರ ಸಾಲಿನ ಹಿಂದೆ ನಿಂತು, ತಾನೇ ಕೂಗುವುದೆ?

ಅವನು ಎದ್ದೆನೋ ಬಿದ್ದೆನೋ ಎಂದು ಹೋಟೆಲಿನ ಹಿತ್ತಿಲಿಗೆ ಓಡಿದ. ಕೊಟ್ಟಿಗೆಯ ಬಾಗಿಲಲ್ಲಿ ತೆಂಗಿನಕಾಯಿ ಗಾತ್ರದ ಹಿತ್ತಾಳೆ ಗಂಟೆಯೊಂದು ತೂಗುತ್ತಿತ್ತು. ಕೆಳಗೆ ಹೋಟೆಲಿನ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅಜ್ಜೀ, ಇದನ್ನ ಇವತ್ತೊಂದಿನ ಕೊಡ್ತೀರಾ?"

"ನಮ್ಮ ಹಸು ಲೀಸಿದು ಮಗಾ. ಬೆಟ್ಟದ ಮೇಲಿನ ಇಡೀ ಮಂದೆಗೆ ಅವಳೇ ಮುಂದಾಳು. ಹೋದ ತಿಂಗಳು ಹೋಗ್ಬಿಟ್ಲು." ಅಜ್ಜಿ ಸಿಪ್ಪೆ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು. "ತಗೊಂಡ್ಹೋಗು. ಅವಳ ಗಂಟೆ ಇನ್ನೊಂದ್ಸಲ ಘಟ್ಟ ನೋಡ್ಲಿ."

ಕೂನೊ ಹಗ್ಗದಿಂದ ಗಂಟಿನ ಮೇಲೆ ಗಂಟು ಬಿಗಿದು ಅದನ್ನು ಹ್ಯಾಂಡಲ್ಲಿಗೆ ಕಟ್ಟಿದ. ಹೆಡಿಗರ್ ಕನ್ನಡಕ ಏರಿಸಿ, ಇಳಿಸಿ, ಸುತ್ತು ಬಂದು ನೋಡಿದರು. ಬೇರೆ ದಾರಿ ಕಾಣಲಿಲ್ಲ. "ಸರಿ. ನಿಯಮದಲ್ಲಿ ಗಂಟೆ ಅಂತಷ್ಟೇ ಇದೆ. ಯಾರ ಗಂಟೆ ಅಂತ ಇಲ್ಲ."

ಘಟ್ಟ ಏರುವಾಗ ಎಲ್ಲರೂ ಎಂದಿನಂತೆ ಅವನನ್ನು ಹಿಂದೆ ಹಾಕಿ ಹೋದರು. ಬೆನ್ನಲ್ಲಿ ಸೌಟು, ಮುಂದೆ ಡಣ್ ಡಣ್ ಎನ್ನುವ ಹಿತ್ತಾಳೆ. ಮದುವೆಮನೆಯ ಅಡುಗೆ ಸಾಮಾನು ಸಾಗಿಸುವ ಗಾಡಿಯಂತೆ ಕೂನೊ ಏದುಸಿರು ಬಿಡುತ್ತ ತುಳಿದ. ನೆತ್ತಿಯ ಹೋಟೆಲಿನ ಮುಂದೆ ಸಂಘದವರೆಲ್ಲ ಬಿಯರ್ ಹಿಡಿದು ಕೂತಿದ್ದರು.

"ಇಳಿಯೋ ಕೂನೊ, ಒಂದು ಗ್ಲಾಸ್ ಹಾಕು!" ಎಂದು ಫ್ರಿಡೊಲಿನ್ ಕೂಗಿದ. "ನಿನ್ನನ್ನ ಹಿಡಿಯೋಕೆ ನಮಗೆ ಐದು ನಿಮಿಷ ಸಾಕು."

ಇಳಿದರೆ ಮತ್ತೆ ಹತ್ತಲು ಕಾಲು ಒಪ್ಪುವುದಿಲ್ಲವೆಂದು ಕೂನೊಗೆ ಗೊತ್ತಿತ್ತು. ತಲೆ ತಗ್ಗಿಸಿ ಮುಂದೆ ಹೋದ.

ಹೋಟೆಲಿನಾಚೆಯ ಹುಲ್ಲುಗಾವಲಲ್ಲಿ ದನಗಾಹಿಯೊಬ್ಬ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಬೇಸಿಗೆ ಮೇದ ಮಂದೆ ಕಣಿವೆಗಿಳಿಯುವ ಹಬ್ಬದ ದಿನ ಅದು. ಹಸುಗಳ ಕೊಂಬಿಗೆ ಹೂ ಸುತ್ತಿಯಾಗಿತ್ತು. ಆದರೆ ಮುಂದಾಳು ಲೀಸಿ ಇಲ್ಲದೆ ಒಂದೂ ಎದ್ದಿರಲಿಲ್ಲ. ಬೈದಾಯಿತು, ಬೇಡಿದ್ದಾಯಿತು; ದಿಬ್ಬಣಕ್ಕೆ ಸಿಂಗರಿಸಿಕೊಂಡು ಮುನಿಸಿಕೊಂಡ ಬೀಗಿತ್ತಿಯರಂತೆ ಕೂತೇ ಇದ್ದವು.

ಡಣ್. ಡಣ್.

ಐವತ್ತು ತಲೆಗಳು ಒಟ್ಟಿಗೆ ಮೇಲೆದ್ದವು.

ಕೂನೊ ತಿರುಗಿ ನೋಡುವಷ್ಟರಲ್ಲಿ ಬಿಸಿಯಾದ, ಒದ್ದೆಯಾದ ಮೂತಿಯೊಂದು ಅವನ ಕುತ್ತಿಗೆಗೆ ಮುತ್ತಿಟ್ಟಿತ್ತು. "ಅಯ್ಯಯ್ಯೋ!" ಎಂದು ಅವನು ಇಳಿಜಾರಿಗೆ ಸೈಕಲ್ ಬಿಟ್ಟ. ಗಂಟೆ ಜೋರಾಯಿತು, ಹಿಂದಿನ ಗೊರಸುಗಳೂ ಜೋರಾದವು. ಬ್ರೇಕ್ ಹಿಡಿದರೆ ಬೆನ್ನಿಗೆ ಕೊಂಬು, ಬಿಟ್ಟರೆ ಮುಂದೆ ಪ್ರಪಾತ. ಗಂಟೆ ಬಿಚ್ಚಲು ಕೈ ಎಲ್ಲಿದೆ?

"ನಿಲ್ಲಬೇಡಪ್ಪೋ!" ದನಗಾಹಿ ಪಕ್ಕದಲ್ಲಿ ಓಡುತ್ತ ಕೈಮುಗಿದ. "ನೀನು ನಿಂತ್ರೆ ಇವೂ ಕೂತ್ಬಿಡ್ತವೆ! ಊರವರೆಗೂ ಬಾರಿಸ್ತಾ ಹೋಗು!"

ಅಷ್ಟರಲ್ಲಿ ದೂರದಿಂದ ಟಿಣಿಟಿಣಿ ಸದ್ದು. ಕೂನೊ ಕತ್ತು ಹೊರಳಿಸಿದ. ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ, ನಡುವೆ ರಸ್ತೆ ತುಂಬ ಹಸು. ಅವುಗಳ ಬಾಲದ ಹಿಂದೆ ಇಡೀ ಸವಾರರ ಸಂಘ, ಬೆರಳು ಸವೆಯುವಂತೆ ಗಂಟೆ ಒತ್ತುತ್ತ!

"ಲೇ ಕೂನೊ! ನಿನ್ನ ನೆಂಟರನ್ನ ಪಕ್ಕಕ್ಕೆ ಕರ್ಕೊಳೋ!" ಎಂದು ಫ್ರಿಡೊಲಿನ್ ಅರಚಿದ.

"ನಿಯಮ!" ಹೆಡಿಗರ್ ಕಿರುಚಿದರು. "ಗಂಟೆ ಹೊಡೆದ್ರೆ ದಾರಿ ಬಿಡ್ಬೇಕು, ನಿಯಮ!" ಅವರ ಮುಂದಿದ್ದ ಹಸು ಬಾಲವೆತ್ತಿ ನಿಯಮಕ್ಕೆ ತನ್ನ ಉತ್ತರ ಹಾಕಿತು. ಚಕ್ರ ಸೊಯ್ಯನೆ ಜಾರಿತು. ಅಧ್ಯಕ್ಷರ ಬಿಳಿ ಕಾಲುಚೀಲ ಮತ್ತೆ ಬಿಳಿಯಾಗಲಿಲ್ಲ.

ಕೂನೊನ ಭಯ ಅಲ್ಲಿಗೆ ಹಾರಿಹೋಯಿತು. ಮೂರು ವರ್ಷದ ಸಿಟ್ಟೆಲ್ಲ ಸೇರಿಸಿ ಗಂಟೆ ಬಾರಿಸಿದ. ತಿರುವು ತಿರುವಿಗೂ ಗಂಟಲು ಹರಿಯುವಂತೆ "ಹೋಯ್, ಹೋಯ್ಹೋ!" ಎಂದು ಕೂಗಿದ. ಬೆಟ್ಟಗಳು ತಿರುಗಿ ಕೂಗಿದವು.

ಟೋರ್‌ಬರ್ಗ್‌ನ ಕಲ್ಲಿನ ಹೆಬ್ಬಾಗಿಲಿನೊಳಗೆ ಎಲ್ಲರಿಗಿಂತ ಮೊದಲು ನುಗ್ಗಿದವನು ಕೂನೊ. ಚೌಕದಲ್ಲಿ ವಾದ್ಯ, ಜನ, ಚಪ್ಪಾಳೆ. ಆಮೇಲೆ ಹಸು, ಆಮೇಲೆ ಸಂಘ. ಎಲ್ಲರ ಕೊನೆಗೆ ಸೈಕಲ್ ತಳ್ಳಿಕೊಂಡು ಬಂದರು ಹೆಡಿಗರ್. ಕೂನೊ ಬೆನ್ನಿನ ಸೌಟು ಬಿಚ್ಚಿ ಅವರ ಕೈಗಿಟ್ಟ.

"ನಿಯಮ, ಅಧ್ಯಕ್ಷರೇ."

ಆ ಸುಖ ಅವನಿಗೆ ಒಂದು ಉಸಿರಿನಷ್ಟು ಹೊತ್ತು ದಕ್ಕಿತು. ಊರ ಹಿರಿಯ ಅವನ ರಟ್ಟೆ ಹಿಡಿದು ವೇದಿಕೆಗೆ ಎಳೆದೊಯ್ದ. "ಮಂದೇನ ಸುಖವಾಗಿ ಇಳಿಸಿದೋನಿಗೆ ನಮ್ಮೂರಿನ ಮರ್ಯಾದೆ!" ಎಂದು ದೋಣಿಯ ಹುಟ್ಟಿನಷ್ಟು ಉದ್ದದ ವಸ್ತುವೊಂದನ್ನು ಅವನ ಹೆಗಲಿಗಿಟ್ಟ. ಕೆನೆ ತೆಗೆಯುವ ಮರದ ಸೌಟು, ಹಿಡಿಯ ತುಂಬ ಹೂವಿನ ಕೆತ್ತನೆ. "ಊಟದ ಮೇಜಿನ ಮೇಲೇ ಹಾಕ್ಬೇಕು ತಮ್ಮಾ! ಕ್ರಿಸ್‌ಮಸ್‌ಗೆ ನಾವೆಲ್ಲ ನೋಡೋಕೆ ಬರ್ತೀವಿ!"

ಗುಂಪಿನ ಮುಂದೆ ಟ್ರೂಡಿ ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟು.

"ಟ್ರೂಡಿ, ಇದು ಆ ಸೌಟಲ್ಲ! ನಾನು ಮೊದಲು ಬಂದೆ! ಇದು ಬೇರೆ ಸೌಟು ಕಣೇ!"

"ನಾನು ಸೌಟು ಅಂತಷ್ಟೇ ಅಂದಿದ್ದು. ಯಾರ ಸೌಟು ಅಂತ ಹೇಳಿರ್ಲಿಲ್ಲ," ಎಂದಳು ಟ್ರೂಡಿ. ಆಮೇಲೆ ಮುಖ ಅರಳಿಸಿ, ಹಿಂದೆ ನಿಂತಿದ್ದ ಕಸೂತಿ ಅಂಗಿಯ ಹೆಂಗಸರತ್ತ ಕೈ ತೋರಿಸಿದಳು. "ಅದಿರ್ಲಿ, ಘಟ್ಟದಿಂದ ಅಷ್ಟು ಚೆನ್ನಾಗಿ ಯೋಡೆಲ್ ಹಾಡ್ತಾ ಬಂದೋನು ನೀನೇ ಅಂತೆ? ಇಡೀ ಮೇಳ ಕೇಳಿಸ್ಕೊಂಡಿದೆ. ಅಂಥಾ ದನಿ ಇಟ್ಕೊಂಡು ಇಷ್ಟು ವರ್ಷ ಸೈಕಲ್ ತುಳೀತಿದ್ಯಲ್ಲ, ನಾಚಿಕೆ ಆಗಲ್ವಾ?"