ಬಿಳಿ ಊಟದ ಮಗಳು

ಮಕ್ಕಳಿಗೆ ಉಣ್ಣಿಸುವ ವಿದ್ಯೆಯ ಬಗ್ಗೆ ಉಪದೇಶ ಕೊಡುವವರು ಎರಡು ಬಗೆ. ಮಕ್ಕಳೇ ಇಲ್ಲದವರು ಒಂದು; ಮಗುವನ್ನು ಹೆಂಡತಿಯ ಕೈಗೊಪ್ಪಿಸಿ ತಾವು ಮೊದಲ ಪಂಕ್ತಿಯಲ್ಲೇ ಉಂಡು ಕೈ ತೊಳೆದವರು ಇನ್ನೊಂದು. ನಾನು ಎರಡಕ್ಕೂ ಸೇರಿದವನಲ್ಲ. ನನ್ನ ಹೆಂಡತಿ ರೇಖಾ ಕೆಲಸ ಮುಗಿಸಿ ಬರುವುದು ತಡವಾದ್ದರಿಂದ ಮಂಡ್ಯದ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ನನ್ನದು, ಮಗಳಿಗೆ ಉಣ್ಣಿಸುವುದೂ ನನ್ನದು. ಆದ್ದರಿಂದ ನಾನು ಯಾರಿಗೂ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ.

ಐದು ವರ್ಷದ ಸಿರಿ ಬಿಳಿಯದನ್ನಲ್ಲದೆ ಬೇರೇನೂ ಮುಟ್ಟುವುದಿಲ್ಲ. ಅನ್ನ, ಮೊಸರು, ಇಡ್ಲಿ, ಅಷ್ಟೇ. ಮೊಸರನ್ನಕ್ಕೆ ಒಗ್ಗರಣೆ ಬಿದ್ದ ದಿನ ಸಾಸಿವೆಯನ್ನು ಒಂದೊಂದೇ ಕಾಳಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಜೋಡಿಸುತ್ತಾಳೆ. ಆ ಶ್ರದ್ಧೆ ಅಕ್ಷರ ತಿದ್ದುವಾಗ ಎಲ್ಲಿ ಹೋಗುತ್ತದೋ! ಒಮ್ಮೆ ಕ್ಯಾರೆಟ್ಟನ್ನು ನುಣ್ಣಗೆ ರುಬ್ಬಿ ಇಡ್ಲಿ ಹಿಟ್ಟಿಗೆ ಸೇರಿಸಿ ನೋಡಿದೆ. "ಅಪ್ಪಾ, ಈ ಇಡ್ಲಿಗೆ ಜ್ವರ ಬಂದಿದೆ" ಎಂದು ತಟ್ಟೆ ತಳ್ಳಿದಳು. ಜ್ವರದ ಇಡ್ಲಿಗಳನ್ನೆಲ್ಲ ನಾನೇ ತಿಂದೆ. ಹೀಗೆ ಅವಳು ಬಿಟ್ಟದ್ದನ್ನು ತಿಂದೂ ತಿಂದೂ ನನ್ನ ಪ್ಯಾಂಟುಗಳು ಒಂದೊಂದಾಗಿ ನನ್ನ ಸಹವಾಸ ಬಿಡುತ್ತಿವೆ.

ಯಲಿಯೂರಿನ ಅಮ್ಮನ ಮನೆಗೆ ಹೋಗುವಾಗಲೂ ಅವಳಿಗೆಂದು ಮೊಸರನ್ನದ ಡಬ್ಬಿ ಒಯ್ಯುತ್ತಿದ್ದೆವು. ಕಳೆದ ಭಾನುವಾರ ಅಮ್ಮ ಮುಂಚೆಯೇ ಫೋನು ಮಾಡಿದಳು. "ನನ್ ಮನೆಗೆ ಡಬ್ಬಿ ಹಿಡ್ಕಂಡು ಬರದಾದ್ರೆ ಬರಬ್ಯಾಡ ಬುಡ್ಲಾ. ನಾನೇನು ಮಗೀಗೆ ಮಣ್ಣು ಬಡುಸ್ತೀನಾ?" ಹೀಗಾಗಿ ಡಬ್ಬಿಯಿಲ್ಲದೆ ಹೋದೆವು.

ಅವರೆಕಾಳಿನ ಸಾರು, ಬಿಸಿ ರಾಗಿ ಮುದ್ದೆ. ಎಲ್ಲರೂ ಸಾಲಾಗಿ ಕೂತೆವು. ಸಿರಿ ಮುದ್ದೆಯನ್ನು ಒಂದು ಬೆರಳಿನಿಂದ ಮುಟ್ಟಿ, "ಅಜ್ಜಿ, ಇದು ಕಪ್ಪಗಿದೆ. ನಂಗೆ ಬೇಡ" ಎಂದಳು.

ನನ್ನ ಅಣ್ಣ ತುತ್ತು ನುಂಗಿ, "ಮುದ್ದೆ ಬ್ಯಾಡ ಅನ್ನೋ ಮಗೀನ ನಮ್ಮ ವಂಸದಲ್ಲೇ ನೋಡ್ನಿಲ್ಲ ಕಣ್ಲಾ. ನೀನೇ ಸದರ ಕೊಟ್ಟು ಕೆಡಿಸಿರಾದು" ಎಂದ. ಇವನು ಮೇಲೆ ಹೇಳಿದ ಎರಡನೆಯ ಬಗೆಯವನು. ಅವನ ಮಕ್ಕಳು ಏನು ಉಣ್ಣುತ್ತಿದ್ದರೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಅಮ್ಮ ಮುದ್ದು ಮಾಡಿದಳು, ಅಗಿಯದೆ ನುಂಗುವುದನ್ನು ಹೇಳಿಕೊಟ್ಟಳು, ಬೆಲ್ಲದ ಆಸೆ ತೋರಿಸಿದಳು. ಸಿರಿ ತುಟಿ ಬಿಗಿಹಿಡಿದು ಕೂತಳು. ಕೊನೆಗೆ ಅಮ್ಮ ತನ್ನ ತಟ್ಟೆಯನ್ನೇ ಪಕ್ಕಕ್ಕೆ ಸರಿಸಿ, "ನೀನು ಉಣ್ಣಗಂಟ ನಾನೂ ಉಣ್ಣಕಿಲ್ಲ ಕಣವ್ವ" ಎಂದು ಗೋಡೆಗೊರಗಿದಳು. ತಮಾಷೆಗೆಂದುಕೊಂಡರೆ ಅವಳ ಕಣ್ಣು ತುಂಬಿತ್ತು. ಸಾಲದ್ದಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಆಗಲೇ ನುಂಗಿಯಾಗಿತ್ತು. "ಅಮ್ಮಾ, ತಲೆ ಸುತ್ತುತ್ತೆ, ಒಂದು ತುತ್ತಾದರೂ ಉಣ್ಣು" ಎಂದೆ. ಅಮ್ಮ ಮುಖ ತಿರುಗಿಸಿದಳು. ಅಣ್ಣನ ಕೈಯೂ ತಟ್ಟೆಯಲ್ಲೇ ನಿಂತಿತು.

ಸಿರಿ ಎದ್ದಳು. ಅಜ್ಜಿಯ ತಟ್ಟೆಯನ್ನು ಎಳೆದುಕೊಂಡು ಅವಳ ಎದುರಿಗೇ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. "ಬಾಯಿ ತೆಗಿ ಅಜ್ಜಿ. ಇದು ಕಾಗೆ ತುತ್ತು. ಜಾಣೆ ಅಲ್ವಾ? ತಿನ್ನದಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ." ಎಲ್ಲವೂ ನನ್ನವೇ ಮಾತುಗಳು, ಅವಳ ಮೇಲೆ ಒಂದು ದಿನವೂ ನಾಟದಿದ್ದ ಮಾತುಗಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಬಾಯೊಳಗೆ ತುತ್ತು ಹೋಯಿತು. "ಅಗೀಬಾರ್ದು, ನುಂಗ್ಬೇಕು" ಎಂದು ಮೊಮ್ಮಗಳು ಗದರಿದಳು.

ನಾಲ್ಕಾರು ತುತ್ತಾದ ಮೇಲೆ ಸಿರಿ ಬೆರಳಿಗಂಟಿದ ಸಾರನ್ನು ನೆಕ್ಕಿದಳು. "ಖಾರ" ಎಂದಳು. ಇನ್ನೊಂದು ಬೆರಳು ನೆಕ್ಕಿದಳು. ಆಮೇಲೆ ನೆಲ್ಲಿಕಾಯಿ ಗಾತ್ರದ ಮುದ್ದೆ ತಾನೇ ನುಂಗಿ, ಕಣ್ಣರಳಿಸಿ, "ಜಾರಿಬಿಡ್ತು!" ಎಂದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ತಲೆ ನೇವರಿಸಿದಳು. "ನೋಡ್ದೇನ್ಲಾ? ಮಗು ಬಂಗಾರದಂತಾದು. ನಿಂಗೇ ಉಣ್ಸಕ್ ಬರಾಕಿಲ್ಲ."

ಸೋಮವಾರ ಸಂಜೆ ಸಿರಿ ತಾನಾಗಿಯೇ "ಅಪ್ಪಾ, ಮುದ್ದೆ ಮಾಡು" ಎಂದಳು. ಹಿಗ್ಗಿನಿಂದ ಎಸರಿಟ್ಟೆ, ಕೋಲು ಹಿಡಿದು ಬೆವರಿಳಿಯುವಂತೆ ತೊಳಸಿದೆ, ಕೈ ಸುಟ್ಟುಕೊಂಡು ಉಂಡೆ ಕಟ್ಟಿದೆ. ಸಿರಿ ಮುರಿದು ನೋಡಿದಳು. ಒಳಗೆ ಹಸಿ ಹಿಟ್ಟಿನ ಗಂಟು. "ಅಜ್ಜಿ ಮುದ್ದೆ ಇಂಗಿರಾಕಿಲ್ಲ ಕಣಪ್ಪ" ಎಂದು, ಒಂದೇ ದಿನದಲ್ಲಿ ಕಲಿತ ಯಲಿಯೂರಿನ ಮಾತಿನಲ್ಲಿ ತೀರ್ಪು ಕೊಟ್ಟು, ಮೊಸರನ್ನದ ಬಟ್ಟಲು ಎಳೆದುಕೊಂಡಳು. ಆಗಷ್ಟೇ ಬಂದು ಕೂತಿದ್ದ ರೇಖಾಳತ್ತ ಆಸೆಯಿಂದ ನೋಡಿದೆ. ಅವಳು ನನ್ನ ಮುದ್ದೆಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದಳು: "ಸಿರಿ, ಮೊಸರನ್ನ ಇಬ್ಬರಿಗಾಗುತ್ತೇನೇ?"